ಹೆಚ್ಚಾದ ಎರಡು ಮಾತ್ರೆಗಳು

ಹರಿತವಾದ ಉಳಿ ಕೈಯಲ್ಲಿರುವ ಬಡಗಿಗೆ ಸುಮ್ಮನೆ ನಿಂತ ಮರವನ್ನು ಕಂಡರೂ ಕೈ ತುರಿಸುತ್ತದಂತೆ. ಕನ್ನಡ ಅಧ್ಯಾಪಕನ ಕಿಸೆಯಲ್ಲಿರುವ ಕೆಂಪು ಪೆನ್ನಿನ ಗುಣವೂ ಅದೇ. ಇಪ್ಪತ್ತು ವರ್ಷಗಳಿಂದ ಉತ್ತರಪತ್ರಿಕೆ ತಿದ್ದಿ ತಿದ್ದಿ, ತಿದ್ದದೆ ಓದುವ ಶಕ್ತಿಯೇ ನನ್ನಲ್ಲಿ ಉಡುಗಿಹೋಗಿದೆ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಕಣ್ಣಿಗೆ ಬೀಳುವುದು ತಪ್ಪಿದ ಒತ್ತಕ್ಷರ. ಅಂಗಡಿಯ ಫಲಕದಲ್ಲಿ ಮಹಾಪ್ರಾಣ ಬಿದ್ದುಹೋಗಿದ್ದರೆ ನನ್ನ ಪ್ರಾಣವೇ ಹೋದಂತಾಗುತ್ತದೆ. ಒಮ್ಮೆ ನನ್ನ ಹೆಂಡತಿ ಬರೆದ ಕಿರಾಣಿ ಸಾಮಾನಿನ ಪಟ್ಟಿಯಲ್ಲಿ ‘ಹುಣಸಿಹಣ್ಣು’ ಎಂದಿದ್ದುದನ್ನು ‘ಹುಣಸೆಹಣ್ಣು’ ಎಂದು ತಿದ್ದಿದೆ. ಆಕೆ ಪಟ್ಟಿಯನ್ನು ಕೈಗೆ ತೆಗೆದುಕೊಂಡು, “ತಿದ್ದಿದ್ರ ಹುಳಿ ಏನು ಹೆಚ್ಚಾಗೂದಿಲ್ಲ” ಎಂದಳು. ಆ ದಿನವೇ ನಾನು ಎಚ್ಚತ್ತುಕೊಳ್ಳಬೇಕಾಗಿತ್ತು. ಎಚ್ಚರಾಗಲು ಇನ್ನೂ ಕೆಲವು ವರ್ಷ ಬೇಕಾದುವು; ಎಚ್ಚರಿಸಿದ್ದು ಒಂದು ತಮಟೆಯಂಥ ವಸ್ತು.

ನಮ್ಮ ಮನೆ ಇರುವುದು ಬೆಳಗಾವಿಯ ಶಿವಬಸವ ನಗರದಲ್ಲಿ. ನಾಗನೂರು ರುದ್ರಾಕ್ಷಿ ಮಠದ ಶಿವಬಸವ ಸ್ವಾಮಿಗಳ ಹೆಸರು ಹೊತ್ತ ಬಡಾವಣೆ ಇದು. ಮಠದ ಪ್ರಸಾದ ನಿಲಯದಲ್ಲಿ ಉಂಡು, ಓದಿ, ಮನುಷ್ಯರಾದ ಹಳ್ಳಿಯ ಹುಡುಗರು ಎಷ್ಟೋ ಮಂದಿ. ಬೆಳಗಿನ ಹೊತ್ತು ಇಲ್ಲಿ ಕೇಳಿಬರುವ ಸದ್ದುಗಳು ಸಾಮಾನ್ಯವಾದುವೇ: ಮಠದ ಕಡೆಯಿಂದ ವಚನ, ಅಡಿಗೆಮನೆಯಿಂದ ಕುಕ್ಕರಿನ ಸೀಟಿ, ಬೀದಿಯಲ್ಲಿ ಕನ್ನಡ ಮರಾಠಿ ಎರಡರಲ್ಲಿಯೂ ಕೂಗಿ ಎರಡರಲ್ಲಿಯೂ ಚೌಕಾಶಿ ಮಾಡುವ ಕಾಯಿಪಲ್ಲೆಯವಳು. ಈ ವರ್ಷ ಮಿರಗದ ಮಳೆ ಹಿಡಿದ ಮೇಲೆ ಇವುಗಳ ಜೊತೆಗೆ ಇನ್ನೊಂದು ಸದ್ದು ಸೇರಿಕೊಂಡಿತು. ಅದು ಬಂದದ್ದು ನಮ್ಮ ತಲೆಯ ಮೇಲಿಂದಲೇ.

ಮಾಳಿಗೆಯ ಮೇಲೆ ತಗಡು ಹೊದಿಸಿದ ಕೋಣೆಯೊಂದಿದೆ. ನಮ್ಮ ತಾಯಿ ಎರಡು ವರ್ಷಗಳ ಹಿಂದೆ ತೀರಿಕೊಂಡ ಮೇಲೆ ಅವಳ ಟ್ರಂಕು, ಬೀಸುವ ಕಲ್ಲು, ತನ್ನ ಕೈಯಾರೆ ಹೊಲಿದ ಏಳೆಂಟು ಕೌದಿ, ಎಲ್ಲವನ್ನೂ ಅಲ್ಲಿಟ್ಟು ಬೀಗ ಹಾಕಿದ್ದೆ. ಆ ಬೀಗದ ಕೈಯನ್ನು ನನ್ನ ಮಗ ತನ್ನ ತಾಯಿಯಿಂದ ಯಾವಾಗ ಈಸಿಕೊಂಡನೋ ತಿಳಿಯದು. ಇವನು ಇಂಜಿನಿಯರಿಂಗ್ ಎರಡನೆಯ ವರ್ಷದವನು. ಒಂದು ಸಂಜೆ ನಾನು ಎಂದಿನಂತೆ ಜಗಲಿಯ ಮೇಲೆ ಕುಳಿತಿದ್ದೆ. ತಾಯಿ ಹೋದ ಮೇಲೆ ಹಾಗೆ ಕುಳಿತುಕೊಳ್ಳುವುದು ನನಗೆ ರೂಢಿಯಾಗಿತ್ತು. ಯಾರಾದರೂ ಕೇಳಿದರೆ ಪಾಠದ ವಿಚಾರ ಮಾಡುತ್ತಿದ್ದೇನೆ ಎನ್ನುತ್ತಿದ್ದೆ. ಆಗ ಮೇಲಿಂದ ಢಣ್ ಎಂದಿತು. ಮನೆಯ ಮಾಳಿಗೆ ಕುಸಿಯಿತೆಂದೇ ಎದ್ದು ಓಡಿದೆ. ಹೋಗಿ ನೋಡಿದರೆ ನಾಲ್ಕು ಜನ ಹುಡುಗರು: ಒಬ್ಬನ ಕೈಯಲ್ಲಿ ಗಿಟಾರು, ಅದು ನನ್ನ ಮಗ, ಇನ್ನೊಬ್ಬನ ಕೈಯಲ್ಲಿ ಅದರ ಅಣ್ಣನಂಥ ದಪ್ಪ ತಂತಿಯ ಬೇಸ್ ಗಿಟಾರು, ಮೂರನೆಯವನ ಮುಂದೆ ಡ್ರಮ್ಮುಗಳು, ನಾಲ್ಕನೆಯವನ ತೊಡೆಯ ಮೇಲೆ ಲ್ಯಾಪ್‌ಟಾಪು. ಗೋಡೆಗಳಿಗೆಲ್ಲ ನಮ್ಮ ತಾಯಿಯ ಕೌದಿಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದರು.

ನನಗೆ ಮೈ ಉರಿದುಹೋಯಿತು. “ಇದೇನು?” ಎಂದೆ. ಡ್ರಮ್ಮಿನ ಹುಡುಗ ಎದ್ದು ನಿಂತು, ಬಹಳ ವಿನಯದಿಂದ, “ಸರ್, ತಗಡಿಗೆ ದನಿ ಬಡಿದು ತಿರುಗಿ ಬರ್ತದ್ರಿ. ಕೌದಿ ಅದನ್ನ ನುಂಗ್ತದ” ಎಂದ. ಖಾನಾಪುರದ ಮರಾಠಿ ಮನೆಯ ಹುಡುಗ. ಕನ್ನಡವನ್ನು ಎಚ್ಚರದಿಂದ, ಬಿಸಿ ಚಹಾ ಕುಡಿದಂತೆ ಆಡುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಹಳೆಯ ಸೀರೆ, ಹಳೆಯ ಧೋತರಗಳ ಪದರು ಪದರು ಕೂಡಿಸಿ ಹೊಲಿದ ಕೌದಿ ಶಬ್ದವನ್ನು ಹೀರಿಕೊಳ್ಳುತ್ತದೆ. ಪಟ್ಟಣದ ಸ್ಟುಡಿಯೋಗಳಲ್ಲಿ ಈ ಕೆಲಸಕ್ಕಾಗಿಯೇ ಗೋಡೆಗೆ ಸ್ಪಂಜು ಮೆತ್ತುತ್ತಾರಂತೆ. ಶಾಸ್ತ್ರ ಸರಿಯಾಗಿದ್ದುದರಿಂದ ಬಯ್ಯಲು ಬಾಯಿ ಬರಲಿಲ್ಲ. ಇಳಿದು ಬಂದೆ. ಆದರೆ ಮಗನೊಡನೆ ಮಾತು ಕಡಿಮೆಯಾಯಿತು. ಮೊದಲೇ ಹೆಚ್ಚೇನೂ ಇರಲಿಲ್ಲವೆನ್ನಿ.

ಕೆಲವು ದಿನಗಳ ಮೇಲೆ ಹೆಂಡತಿಯ ಮುಖಾಂತರ ನನಗೆ ರಾಯಭಾರ ಬಂತು. ಹುಡುಗರು ಒಂದು ‘ಸಿಂಗಲ್’ ತರುತ್ತಾರೆ, ಅವರದು ‘ಇಂಡಿ ರಾಕ್’ ತಂಡ, ರೊಕ್ಕ ಬೇಕು. ನನಗೆ ತಿಳಿದ ಸಿಂಗಲ್ ಒಂದೇ: ಹೋಟೆಲಿನಲ್ಲಿ ಸಿಗುವ ಅರ್ಧ ಬಟ್ಟಲು ಚಹಾ. ಇಂಡಿಯಂತೂ ವಿಜಯಪುರ ಜಿಲ್ಲೆಯ ತಾಲೂಕು, ನಿಂಬೆಹಣ್ಣಿಗೆ ಹೆಸರಾದದ್ದು. ಬೆಳಗಾವಿಯ ಹುಡುಗರು ಇಂಡಿಯ ಕಲ್ಲನ್ನು ಏಕೆ ಹೊರುತ್ತಾರೆ ಎಂದು ಕೇಳಿದೆ. ಒಳಗಿನಿಂದ ಮಗ ನಕ್ಕದ್ದು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಕೇಳಿದ ನಗೆ ಅದು.

ಆಮೇಲೆ ತಿಳಿದುಕೊಂಡೆ. ಇಂಡಿ ಎಂದರೆ ಇಂಡಿಪೆಂಡೆಂಟ್, ಸ್ವತಂತ್ರ. ದೊಡ್ಡ ಕಂಪನಿಯ ಹಂಗಿಲ್ಲದೆ ತಾವೇ ಹಾಡಿ, ತಾವೇ ಮುದ್ರಿಸಿ, ತಾವೇ ಹಂಚುವವರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬಜ್‌ಕಾಕ್ಸ್ ಎಂಬ ತಂಡದ ಹುಡುಗರು ಮನೆಯವರಿಂದ, ಸ್ನೇಹಿತರಿಂದ 500 ಪೌಂಡು ಸಾಲ ಎತ್ತಿ, ನಾಲ್ಕು ಹಾಡುಗಳ ಒಂದು ಸಣ್ಣ ರೆಕಾರ್ಡನ್ನು ಒಂದು ಸಾವಿರ ಪ್ರತಿ ಮಾಡಿಸಿ 1977ರ ಜನವರಿಯಲ್ಲಿ ಹೊರತಂದರು; ಅದು ಮಾರಾಟವಾಗಿ ಹೋಯಿತು; ಅವರನ್ನು ನೋಡಿ ಉಳಿದವರಿಗೂ ಧೈರ್ಯ ಬಂತು. ಸಾಲ ಕೊಟ್ಟ ಆ ಮನೆಯವರ ಸ್ಥಿತಿಯನ್ನು ನಾನು ಬಲ್ಲೆ. ನನ್ನಿಂದ ಹೋದದ್ದು ಆರು ಸಾವಿರ ರೂಪಾಯಿ.

‘ಸಿಂಗಲ್’ ಎಂದರೆ ಬಿಡಿ ಹಾಡು. ಯೋಚಿಸಿದರೆ ಇದೇನು ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆ ಒಂದು ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು. ರಾತ್ರಿಯೆಲ್ಲ ಹಾಡಬಲ್ಲ ಗವಾಯಿಗಳು ಮೂರು ನಿಮಿಷದ ಡಬ್ಬಿಯಲ್ಲಿ ರಾಗವನ್ನು ತುಂಬುತ್ತಿದ್ದರು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳಂತೆ. ತಟ್ಟೆ ಮುದ್ರಣವಾಗುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ದನಿ ಎಂದು ತಿಳಿಯಬೇಕಲ್ಲ! ನಮ್ಮ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು 1930ರ ದಶಕದಲ್ಲಿ ಬಂದಾಗ ಅವುಗಳ ಮೇಲೆ ಇದ್ದ ಹೆಸರು ‘ಗಾಂಧಾರಿ’. ಮೊದಲ ಹಾಡಿನಲ್ಲಿ ದನಿ ತನ್ನದಿದ್ದರೂ ಹೆಸರು ತನ್ನದಾಗಿರುತ್ತದೆಂಬ ಭರವಸೆ ಇಲ್ಲ.

ಇನ್ನು ದನಿಯೇ ತನ್ನದಲ್ಲದ ಪಕ್ಷವೂ ಉಂಟು. ಅದಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಮಗ್ಗುಲಲ್ಲೇ ಇರುವ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಂಕಾಳಿ ಎಂಬ ಹುಡುಗ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಆ ದೊಡ್ಡ ಗವಾಯಿಗಳ ಹಾಗೆಯೇ ಹಾಡಿ ತೋರಿಸಿ ಜನರನ್ನು ಬೆರಗುಗೊಳಿಸುತ್ತಿದ್ದ. ಅವನೇ ಕುಮಾರ ಗಂಧರ್ವ. ಮುಂದೆ ಕ್ಷಯರೋಗ ಹಿಡಿದು, ಮಧ್ಯಪ್ರದೇಶದ ದೇವಾಸಿನಲ್ಲಿ ಹಾಡಬಾರದೆಂಬ ಕಟ್ಟಳೆಯಲ್ಲಿ ಮಲಗಿದ್ದಾಗ, ಸುತ್ತಣ ಮಾಳವದ ಹಳ್ಳಿಯ ಜನ ಹಾಡುವ ಪದಗಳು ಅವರ ಕಿವಿಗೆ ಬಿದ್ದುವು. ಚೇತರಿಸಿಕೊಂಡು ಎದ್ದಾಗ ಅವರ ಸಂಗೀತ ಬೇರೆಯಾಗಿತ್ತು. ಬೇರೆಯವರ ತಟ್ಟೆಯಿಂದ ಕಲಿತ ದನಿ ಹೋಗಿ, ಬೀದಿಯಲ್ಲಿ ಹೋಗುವವರ ಪದದಿಂದ ತನ್ನ ದನಿ ಬಂತು. ನಮ್ಮ ಮಾಳಿಗೆಯ ಮೇಲಿನವರೂ ಮೊದಲು ಒಂದು ತಿಂಗಳು ಇಂಗ್ಲಿಷ್ ಹಾಡುಗಳನ್ನೇ ಒದರಿದರು. ಆಮೇಲೆ ಒಂದು ವಾರ ಮೌನ. ಆಮೇಲೆ ಕನ್ನಡದ ಏನೋ ಒಂದು ಗುನುಗು ಕೇಳಬಂತು. ಶಬ್ದ ತಿಳಿಯಲಿಲ್ಲ, ಕೌದಿಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದುವು.

ಗಿಟಾರಿಗೂ ಕನ್ನಡಕ್ಕೂ ನಂಟು ಬೆಳೆದ ಬಗೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನದೊಂದು ಹಳೆಯ ಅಪರಾಧವಿದೆ. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ, ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಆಲ್ಬಮ್ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿದ್ದುವು: ಒಂದು ಗುಡುಗುಡಿಯ ಪದ, ಇನ್ನೊಂದು ಮನೆಯ ಮಾಳಿಗೆ ಸೋರುವ ಪದ. 1819ರಿಂದ 1889ರವರೆಗೆ ಬಾಳಿದ ಶರೀಫರು ಗಿಟಾರಿನ ಮೇಲೇರಿ, 2010ರಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮಕ್ಕೆ ರಘು ದೀಕ್ಷಿತರು ಹೋಗುವಷ್ಟು ದೂರ ಆ ಆಲ್ಬಮಿನ ಹೆಸರು ಹಬ್ಬಿತು. ನಾನು ಆಗ ಹೊಸ ಅಧ್ಯಾಪಕ. ಏಕತಾರಿಯ ತತ್ವಪದವನ್ನು ಗಿಟಾರಿಗೆ ಕಟ್ಟುವುದು ಅಪಚಾರವೆಂದು ತರಗತಿಯಲ್ಲಿ ಮುಕ್ಕಾಲು ಗಂಟೆ ಗುಡುಗಿದ್ದೆ. ಮನೆಯಲ್ಲಿ ಎರಡು ವರ್ಷದ ನನ್ನ ಮಗ ಗುಡುಗುಡಿಯ ಪದ ಹಾಕದಿದ್ದರೆ ತುತ್ತು ನುಂಗುತ್ತಿರಲಿಲ್ಲ; ನಾನು ಬಂದ ಸಪ್ಪಳವಾದ ಕೂಡಲೇ ನಮ್ಮ ತಾಯಿ ಅದನ್ನು ಬಂದ್ ಮಾಡುತ್ತಿದ್ದಳು. ಇದು ನನಗೆ ತಿಳಿದದ್ದು ಮೊನ್ನೆ ಮೊನ್ನೆ.

ಹೀಗಿರಲು ಒಂದು ರಾತ್ರಿ ಮಗ ಒಂದು ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು, “ಅಪ್ಪಾ, ಹಾಡು ಬರದೀನಿ. ಒಂದೀಟು ನೋಡ್ತಿಯೇನು?” ಎಂದ. ವಾಚಕರೇ, ಅವನು ‘ನೋಡು’ ಎಂದಿದ್ದ, ‘ತಿದ್ದು’ ಎಂದಿರಲಿಲ್ಲ. ಈ ಎರಡು ಕ್ರಿಯಾಪದಗಳ ನಡುವಣ ಅಂತರವನ್ನು ಎಂ.ಎ. ಮಾಡಿದವನು ಅರಿಯಬೇಕಾಗಿತ್ತು. ನಾನು ಪೆನ್ನಿನ ಟೊಪ್ಪಿಗೆ ತೆಗೆದೆ. ಹದಿನಾಲ್ಕು ಸಾಲಿನ ಹಾಡಿನಲ್ಲಿ 17 ಕಡೆ ಕೆಂಪು ಬಿತ್ತು. ಪ್ರತಿ ನಾಲ್ಕು ಸಾಲಿಗೊಮ್ಮೆ ತಿರುಗಿ ಬರುವ ಪಲ್ಲವಿ ‘ಹಂಗ್ಯಾಕ ಕುಂತಿ’ ಎಂದಿತ್ತು. ಅದನ್ನು ‘ಹಾಗೇಕೆ ಕುಳಿತಿರುವೆ’ ಎಂದು ಮಾಡಿ, ಪಕ್ಕದಲ್ಲಿ ‘ಕುಂತಿ ಪಾಂಡವರ ತಾಯಿ’ ಎಂದು ವಿನೋದವಾಗಿ ಬರೆದೆ. ಮಗ ಹಾಳೆಯನ್ನು ನೋಡಿದ, ಮಡಿಚಿದ, “ಛಲೋ ಆತು” ಎಂದು ಮೇಲೆ ಹೋದ.

ಆ ವಾರವೆಲ್ಲ ಮೇಲೆ ಒಂದು ವಿಚಿತ್ರ ನಡೆಯಿತು. ಹಾಡು ಶುರುವಾಗುವುದು, ಒಂದು ಜಾಗಕ್ಕೆ ಬಂದು ಡ್ರಮ್ಮು ಎಡವುವುದು, ನಿಲ್ಲುವುದು, ಮತ್ತೆ ಮೊದಲಿನಿಂದ. ಗಾಲಿ ಪ್ರತಿ ಸುತ್ತಿನಲ್ಲಿಯೂ ಅದೇ ಕಲ್ಲಿಗೆ ಬಡಿದಂತೆ. ಶುಕ್ರವಾರದ ಸಂಜೆ ಜಗಲಿಯಲ್ಲಿ ಕುಳಿತು ಇದನ್ನು ಕೇಳುತ್ತಿದ್ದಾಗ ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಎಣಿಸತೊಡಗಿದುವು. ಛಂದಸ್ಸಿನ ಪಾಠ ಹೇಳುವವನ ಬೆರಳುಗಳಲ್ಲವೇ! ರಾಕ್ ಸಂಗೀತದ ಸಾಮಾನ್ಯ ನಡೆ ನಾಲ್ಕು ಪೆಟ್ಟಿನದು. ಒಂದೊಂದನ್ನು ಎರಡಾಗಿ ಒಡೆದರೆ ಎಂಟು. ‘ಹಂಗ್ಯಾಕ’ ಎಂಬಲ್ಲಿ ಎರಡು ಗುರು, ಒಂದು ಲಘು: ಐದು ಮಾತ್ರೆ. ‘ಕುಂತಿ’ ಒಂದು ಗುರು, ಒಂದು ಲಘು: ಮೂರು. ಒಟ್ಟು ಎಂಟು. ಅಳೆದು ತೂಗಿ ಮಾಡಿದಂತಿತ್ತು. ನನ್ನ ‘ಹಾಗೇಕೆ’ ಐದೇ. ಆದರೆ ‘ಕುಳಿತಿರುವೆ’ ಐದು ಲಘುಗಳು, ಐದು ಮಾತ್ರೆ. ಒಟ್ಟು ಹತ್ತು. ಎಂಟರ ಕೋಣೆಯಲ್ಲಿ ಹತ್ತು ಜನರನ್ನು ತುರುಕಿ, ಬಾಗಿಲು ಹಾಕಿರೆಂದು ಆ ಬಡಪಾಯಿಯ ಕೈಗೆ ಕೊಟ್ಟಿದ್ದೆ. ಮೂವತ್ತು ವರ್ಷ ಮಾತ್ರಾಗಣ ಓದಿದ, ಓದಿಸಿದ ನಾನು ಎರಡು ಮಾತ್ರೆ ಹೆಚ್ಚು ಹಾಕಿದ್ದೆ. ವ್ಯಾಕರಣ ಬಾರದ ಹುಡುಗನ ಕಿವಿ ಸರಿಯಾಗಿ ಅಳೆದಿತ್ತು.

ಇದನ್ನೇ ಹೆಂಡತಿಗೆ ಹೇಳಿದೆ, ಶಾಸ್ತ್ರೀಯವಾದ ಒಂದು ಸ್ವಾರಸ್ಯವೆಂಬಂತೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, “ಮಾತ್ರೆ ಇರ್ಲಿ, ಅದು ಯಾರ ಮಾತು, ಗೊತ್ತಾತೇನು ನಿಮಗ?” ಎಂದಳು.

ಆಗ ಗೊತ್ತಾಯಿತು.

ಖಾನಾಪುರ ತಾಲೂಕಿನ ಮೂಡಣ ಭಾಗದ ನಮ್ಮ ಹಳ್ಳಿಯಲ್ಲಿ, ಪರೀಕ್ಷೆಯಲ್ಲಿ ಕಡಿಮೆ ಗುಣ ಬಂದ ದಿನ, ಅಪ್ಪ ಬೈದ ದಿನ, ಮೊದಲ ಸಲ ಕೆಲಸ ಸಿಗದೆ ತಿರುಗಿ ಬಂದ ದಿನ, ನಾನು ಕಟ್ಟೆಯ ಮೇಲೆ ಕುಳಿತಿದ್ದಾಗಲೆಲ್ಲ ಹಿಂದಿನಿಂದ ಬರುತ್ತಿದ್ದ ಮಾತು ಅದು. “ಹಂಗ್ಯಾಕ ಕುಂತಿ? ಏಳು, ಉಣ್ಣು.” ಬೆಳಗಾವಿಯ ಈ ಜಗಲಿಯಲ್ಲಿಯೂ ಅವಳ ಕೊನೆಯ ತಿಂಗಳವರೆಗೆ ಅದೇ ಮಾತು. ಅವಳು ಹೋದ ಮೇಲೆ ನಾನು ಪ್ರತಿ ಸಂಜೆ ಹಾಗೆಯೇ ಕುಳಿತೆ, ಕೇಳುವವರು ಇರಲಿಲ್ಲ. ಹುಡುಗ ಎರಡು ವರ್ಷ ಅದನ್ನು ನೋಡಿದ್ದಾನೆ. ತಂದೆಯ ಹತ್ತಿರ ಬಂದು ಅಜ್ಜಿಯ ಮಾತನ್ನು ಆಡುವ ಸಲಿಗೆಯನ್ನು ನಾನು ಅವನಿಗೆ ಕೊಟ್ಟಿರಲಿಲ್ಲ. ಆದುದರಿಂದ ಹಾಡು ಮಾಡಿ, ಹಾಳೆಯ ಮೇಲೆ ಬರೆದು ತಂದು ಮೇಜಿನ ಮೇಲಿಟ್ಟ. ನಾನು ಅದರ ಕಾಗುಣಿತ ತಿದ್ದಿ ಕಳುಹಿಸಿದೆ.

ತರಗತಿಯಲ್ಲಿ ನಾನು ಬೇಂದ್ರೆಯವರ ಕಾವ್ಯ ಹೇಳುವಾಗ ಧಾರವಾಡದ ಆಡುಮಾತಿನ ಸೊಗಸನ್ನು ಎಷ್ಟು ಕೊಂಡಾಡುತ್ತೇನೆ! ಶರೀಫರ ಪದದಲ್ಲಿ ‘ಮಾಳಿಗಿ’ ಎಂದಿರುವುದೇ ಅದರ ಜೀವ, ‘ಮಾಳಿಗೆ’ ಎಂದರೆ ಸೋರುವುದೇ ನಿಂತುಹೋಗುತ್ತದೆ ಎಂದು ಹುಡುಗರನ್ನು ನಗಿಸುತ್ತೇನೆ. ಸತ್ತ ಕವಿಗಳಿಗೆ ಕೊಟ್ಟ ಈ ರಿಯಾಯಿತಿಯನ್ನು ಮನೆಯಲ್ಲಿರುವ ಬದುಕಿದ ಹುಡುಗನಿಗೆ ಕೊಡಲಾರದೆ ಹೋದೆ. ನಾನೂ ಆ ಭಾಷೆಯಲ್ಲಿಯೇ ಹುಟ್ಟಿದವನು. ಧಾರವಾಡಕ್ಕೆ ಎಂ.ಎ. ಓದಲು ಹೋದಾಗ ಬಸ್ಸಿನಲ್ಲಿಯೇ ಅದನ್ನು ಬಿಟ್ಟು ಇಳಿದಿದ್ದೆ. ಯಾರೂ ಬಿಡು ಎಂದಿರಲಿಲ್ಲ.

ಮಳೆಯಲ್ಲಿಯೇ ಮೆಟ್ಟಿಲು ಹತ್ತಿದೆ. ತಗಡಿನ ಒಂದು ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಬಕೀಟು ಇಟ್ಟಿದ್ದರು. ಹುಡುಗರು ಬಾರಿಸುವುದನ್ನು ನಿಲ್ಲಿಸಿದರು. “ನಾನು ತಿದ್ದಿದ್ದು ತಪ್ಪು. ಮೊದಲು ಇದ್ದದ್ದೇ ಇರಲಿ” ಎಂದೆ. ಮಗ ಗಿಟಾರಿನ ಕಿವಿ ಹಿಂಡುತ್ತ ತಲೆ ತಗ್ಗಿಸಿದ. ಡ್ರಮ್ಮಿನ ಹುಡುಗನೇ ಮಾತಾಡಿದ: “ಸರ್, ನಮ್ಮ ಆಜಿನೂ ಇದನ್ನ ಕೇಳ್ತಾಳ್ರಿ. ‘ಅಸಾ ಕಾ ಬಸ್ಲಾಸ್’ ಅಂತಾಳ. ಅದಕ್ಕ ನನಗ ಈ ಸಾಲಿಗೆ ಕೈ ತಾನ ಬೀಳ್ತಿತ್ತು. ನೀವು ತಿದ್ದಿದ ಮ್ಯಾಲೆ ಬೀಳವಲ್ದಾಗಿತ್ತು.” ಗಡಿಯ ಊರಿನಲ್ಲಿದ್ದು ಭಾಷೆಯ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಮಾಡಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಪೂರ್ತಿಯಾದ ಭಾಷಣವನ್ನು ಕೇಳಿರಲಿಲ್ಲ. ಆ ರಾತ್ರಿ ಹಾಡು ಎಲ್ಲಿಯೂ ಎಡವದೆ ಕೊನೆಯವರೆಗೆ ಹೋಯಿತು. ನಾನು ಟ್ರಂಕಿನ ಮೇಲೆ ಕುಳಿತು ಕೇಳಿದೆ. ಹುಡುಗರ ದನಿ ಇನ್ನೂ ಹದಗೊಂಡಿಲ್ಲ. ನಡುವೆ ಗಿಟಾರು ಅನಗತ್ಯವಾಗಿ ಚೀರುತ್ತದೆ. ಪಲ್ಲವಿ ಮೂರನೆಯ ಸಲ ಬಂದಾಗ ಮಾತ್ರ ನಾನು ಬಕೀಟಿನ ಕಡೆ ನೋಡುತ್ತ ಕುಳಿತುಬಿಟ್ಟೆ.

ಹಾಡು ಹೊರಬಂದದ್ದೂ ಒಂದು ಶುಕ್ರವಾರವೇ. 2015ರಿಂದ ಲೋಕದಲ್ಲೆಲ್ಲ ಹೊಸ ಹಾಡುಗಳ ವಾರ ಅದೇ ಎಂದು ಗೊತ್ತಾಗಿದೆಯಂತೆ. ತಟ್ಟೆಯಿಲ್ಲ, ಕ್ಯಾಸೆಟ್ಟಿಲ್ಲ, ಹಾಡು ಗಾಳಿಯಲ್ಲಿ ಹೋಗಿ ಫೋನಿನಲ್ಲಿ ಇಳಿಯುತ್ತದೆ. ಮೂವತ್ತು ಸೆಕೆಂಡು ಕೇಳಿದರೆ ಸ್ಪಾಟಿಫೈ ಅದನ್ನು ಒಂದು ಸಲ ಎಂದು ಎಣಿಸುತ್ತದೆ. ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲ ಆಗದಿದ್ದರೆ, 2024ರಿಂದ, ಒಂದು ಕಾಸನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮ್ಯಾಂಚೆಸ್ಟರಿನ ಹುಡುಗರ ಸಾವಿರ, ನಮ್ಮವರ ಸಾವಿರ! ಮೊದಲ ದಿನ 43 ಆಯಿತು. ಅದರಲ್ಲಿ ಹೆಂಡತಿಯದು ಹನ್ನೊಂದು. ನನ್ನದೆಷ್ಟು ಎಂಬುದನ್ನು ಹೇಳಲಾರೆ. ತಂಡದ ಹೆಸರನ್ನೂ ಹೇಳುವುದಿಲ್ಲ. ಮಗನ ವಕಾಲತ್ತು ವಹಿಸಿ ಪತ್ರಿಕೆಯಲ್ಲಿ ಪುಕ್ಕಟೆ ಜಾಹೀರಾತು ಹಾಕಿಸಿದನೆಂಬ ಅಪವಾದ ಬೇಡ. ಆರು ಸಾವಿರ ತಿರುಗಿ ಬರುವ ಆಸೆಯನ್ನು ಹೇಗೂ ಬಿಟ್ಟಿದ್ದೇನೆ.

ಒಂದು ಸಂಗತಿ ಮಾತ್ರ ಹೇಳಿ ಮುಗಿಸುತ್ತೇನೆ. ಹಾಡನ್ನು ಕಳುಹಿಸುವಾಗ ಒಂದು ಅರ್ಜಿ ತುಂಬಬೇಕು. ಯಾರು ಹಾಡಿದರು, ಯಾರು ಬಾರಿಸಿದರು, ಸಾಹಿತ್ಯ ಯಾರದು ಎಂದೆಲ್ಲ. ಗೌಹರ್ ಜಾನ್ ಕೂಗಿ ಹೇಳಿದ್ದನ್ನು ಈಗ ಬೆರಳಿನಿಂದ ಒತ್ತುತ್ತಾರೆ, ಅಷ್ಟೇ. ಫೋನಿನಲ್ಲಿ ಆ ವಿವರವನ್ನು ತೆರೆದು ನೋಡಿದೆ. ತಪ್ಪಿದ್ದರೆ ತಿದ್ದೋಣವೆಂಬ ಹಳೆಯ ಚಾಳಿ. ‘ಸಾಹಿತ್ಯ’ ಎಂಬಲ್ಲಿ ಎರಡು ಹೆಸರುಗಳಿದ್ದುವು. ಒಂದು ಮಗನದು. ಇನ್ನೊಂದು, ಜೀವಮಾನವೆಲ್ಲ ಪಿಂಚಣಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ನಮ್ಮ ತಾಯಿಯದು. ಊರಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ, ದೀರ್ಘವಿಲ್ಲದೆ, ಒತ್ತಿಲ್ಲದೆ ಬರೆದಿದ್ದ. ಪೆನ್ನು ಕಿಸೆಯಲ್ಲಿಯೇ ಇತ್ತು. ಅಲ್ಲಿಯೇ ಇರಲಿ ಎಂದು ಬಿಟ್ಟೆ.